ತಡವಾಗಿ ಬರುವ ಸಾಕ್ಷಿ: ಲಾಭದ ಅಂಕಿಯನ್ನು ಒರೆಗೆ ಹಚ್ಚಿದವರ ಕಥೆ

1968ರ ಶರತ್ಕಾಲದ ಸಂಚಿಕೆಯಲ್ಲಿ ‘ಜರ್ನಲ್ ಆಫ್ ಅಕೌಂಟಿಂಗ್ ರಿಸರ್ಚ್’ ಎಂಬ ಅಮೆರಿಕದ ವಿದ್ವತ್ಪತ್ರಿಕೆ ಇಪ್ಪತ್ತು ಪುಟಗಳ ಒಂದು ಲೇಖನವನ್ನು ಪ್ರಕಟಿಸಿತು. ಬರೆದವರು ರೇ ಬಾಲ್ ಮತ್ತು ಫಿಲಿಪ್ ಬ್ರೌನ್. ಕಂಪನಿಗಳು ವರ್ಷಕ್ಕೊಮ್ಮೆ ಪ್ರಕಟಿಸುವ ಲಾಭದ ಅಂಕಿಯಿಂದ ಯಾರಿಗಾದರೂ ಏನಾದರೂ ತಿಳಿಯುತ್ತದೆಯೇ ಎಂಬುದು ಲೇಖನದ ಪ್ರಶ್ನೆ. ಅಲ್ಲಿ ಅಚ್ಚಾಗುವ ಮೊದಲು ಅದು ಆ ಕ್ಷೇತ್ರದ ಹಳೆಯ, ಪ್ರತಿಷ್ಠಿತ ಪತ್ರಿಕೆಯಾದ ‘ದಿ ಅಕೌಂಟಿಂಗ್ ರಿವ್ಯೂ’ಗೆ ಹೋಗಿ ತಿರಸ್ಕೃತವಾಗಿ ಮರಳಿತ್ತು. ಇದು ಲೆಕ್ಕಶಾಸ್ತ್ರದ ಬರಹವೇ ಅಲ್ಲ ಎಂಬುದು ತಿರಸ್ಕಾರದ ಸಾರ. ಹದಿನೆಂಟು ವರ್ಷಗಳ ಬಳಿಕ, 1986ರಲ್ಲಿ, ಅದೇ ಪತ್ರಿಕೆಯನ್ನು ನಡೆಸುವ ಅಮೆರಿಕನ್ ಅಕೌಂಟಿಂಗ್ ಅಸೋಸಿಯೇಷನ್ ಲೆಕ್ಕಶಾಸ್ತ್ರದ ಸಾಹಿತ್ಯಕ್ಕೆ ಮೂಲಭೂತ ಕೊಡುಗೆ ನೀಡಿದ ಕೃತಿಗೆಂದು ಒಂದು ಪುರಸ್ಕಾರವನ್ನು ಸ್ಥಾಪಿಸಿದಾಗ, ಮೊಟ್ಟಮೊದಲು ಅದು ಸಂದದ್ದು ಈ ಲೇಖನಕ್ಕೆ. 2014ರಲ್ಲಿ, ಒಮ್ಮೆ ಬಾಗಿಲು ಹಾಕಿದ್ದ ಆ ಪತ್ರಿಕೆಯಲ್ಲೇ, ಇಬ್ಬರೂ ಲೇಖಕರು ತಮ್ಮ ಬರಹದ ಸಿಂಹಾವಲೋಕನವನ್ನು ಪ್ರಕಟಿಸಿದರು.

ಇಂದು ಜಗತ್ತಿನ ಯಾವುದೇ ವಿಶ್ವವಿದ್ಯಾಲಯದಲ್ಲಿ ಹಣಕಾಸು ವರದಿಗಾರಿಕೆಯನ್ನು ಸಂಶೋಧನೆಯ ಮಟ್ಟದಲ್ಲಿ ಓದಲು ಹೊರಟ ವಿದ್ಯಾರ್ಥಿ ಮೊದಲ ವಾರಗಳಲ್ಲೇ ಈ ಲೇಖನವನ್ನು ಎದುರುಗೊಳ್ಳುತ್ತಾನೆ. ಲೆಕ್ಕಶಾಸ್ತ್ರವೆಂದರೆ ಜಮಾ-ಖರ್ಚು, ಖಾತೆ-ಕಿರ್ದಿ, ಪರಿಶೋಧಕರ ಮುದ್ರೆ ಎಂದಷ್ಟೇ ತಿಳಿದವರಿಗೆ ಅದರಲ್ಲಿ ಸಂಶೋಧಿಸುವಂಥದ್ದು ಏನಿದೆ ಎಂಬ ಸಂದೇಹ ಸಹಜ. ಆ ಸಂದೇಹಕ್ಕೆ ಉತ್ತರ ಈ ಲೇಖನದ ಕಥೆಯಲ್ಲಿದೆ. ಅದು ಕೊಟ್ಟ ಉತ್ತರಕ್ಕೆ ಎರಡು ಮುಖಗಳಿದ್ದವು ಎಂಬುದನ್ನೂ, ಎರಡನೆಯ ಮುಖವನ್ನು ಮರೆತರೆ ಏನಾಗುತ್ತದೆ ಎಂಬುದನ್ನೂ ನಾವು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಲೇಖನದ ಹೊಸತನ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಲೆಕ್ಕಶಾಸ್ತ್ರ ಏನು ಮಾಡುತ್ತಿತ್ತು ಎಂಬುದನ್ನು ನೋಡಬೇಕು. ಒಬ್ಬ ವರ್ತಕ ಅಕ್ಕಿಯ 100 ಮೂಟೆಗಳನ್ನು ಮೂಟೆಗೆ 2,000 ರೂಪಾಯಿಯಂತೆ ಕೊಂಡ ಎನ್ನೋಣ. ಕೆಲವು ತಿಂಗಳ ಬಳಿಕ ಇನ್ನೂ 100 ಮೂಟೆಗಳನ್ನು 2,500ರಂತೆ ಕೊಂಡ. ಆಮೇಲೆ 100 ಮೂಟೆಗಳನ್ನು 2,800ರಂತೆ ಮಾರಿದ. ಅವನ ಲಾಭ ಎಷ್ಟು? ಮೊದಲು ಬಂದ ಮೂಟೆ ಮೊದಲು ಹೋಯಿತೆಂದು ಬರೆದರೆ 80,000 ರೂಪಾಯಿ. ಕೊನೆಗೆ ಬಂದದ್ದು ಮೊದಲು ಹೋಯಿತೆಂದು ಬರೆದರೆ 30,000. ಅಕ್ಕಿ ಅದೇ, ಹಣ ಅದೇ, ಕೊಂಡವನೂ ಮಾರಿದವನೂ ಅವರೇ. ಲಾಭ ಮಾತ್ರ ಬೇರೆ. ಅಮೆರಿಕದಲ್ಲಿ ಎರಡೂ ಕ್ರಮಗಳಿಗೆ ಅನುಮತಿ ಇದೆ. ನಮ್ಮ ದೇಶದ ಲೆಕ್ಕಪತ್ರ ಮಾನದಂಡಗಳು ಎರಡನೆಯದನ್ನು ಒಪ್ಪುವುದಿಲ್ಲ. ಇದಕ್ಕೆ ಯಂತ್ರದ ಸವಕಳಿಯನ್ನು ಸೇರಿಸಿ, ವಸೂಲಾಗದ ಸಾಲದ ಅಂದಾಜನ್ನು ಸೇರಿಸಿ, ನಲವತ್ತು ವರ್ಷದ ಹಿಂದೆ ಕೊಂಡ ಭೂಮಿಯ ಅಂದಿನ ಬೆಲೆಯನ್ನು ಸೇರಿಸಿ. ಕೊನೆಯ ಸಾಲಿನಲ್ಲಿ ಉಳಿಯುವ ನಿವ್ವಳ ಲಾಭ ಯಾವ ವಸ್ತುವಿನ ಅಳತೆ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಕ್ಯಾನಿಂಗ್ 1929ರಲ್ಲೇ ತಮ್ಮ ‘ದಿ ಎಕನಾಮಿಕ್ಸ್ ಆಫ್ ಅಕೌಂಟೆನ್ಸಿ’ ಗ್ರಂಥದಲ್ಲಿ ಈ ಪ್ರಶ್ನೆ ಎತ್ತಿದ್ದರು. ಲೆಕ್ಕಿಗನು ತನ್ನ ವಿಧಿಗಳನ್ನೆಲ್ಲ ಅನ್ವಯಿಸಿ ಮುಗಿಸಿದಾಗ ಉಳಿಯುವ ಅಂಕಿ ಎಂಬುದರ ಹೊರತು ಅದಕ್ಕೆ ಬೇರೆ ಅರ್ಥವಿಲ್ಲವೆಂಬುದು ಅವರ ನಿಲುವು. ಮುಂದಿನ ನಾಲ್ಕು ದಶಕಗಳ ಪಂಡಿತರು ಈ ಕೊರತೆಗೆ ಪರಿಹಾರ ಹುಡುಕಿದರು. ನಿಜವಾದ ಲಾಭವೆಂದರೆ ಯಾವುದು, ಅದನ್ನು ಹೇಗೆ ಅಳೆಯತಕ್ಕದ್ದು ಎಂಬ ಬಗ್ಗೆ ದೊಡ್ಡ ದೊಡ್ಡ ಗ್ರಂಥಗಳು ಹುಟ್ಟಿದವು. 1961ರಲ್ಲಿ ಎಡ್ವರ್ಡ್ಸ್ ಮತ್ತು ಬೆಲ್ ಅವರ ಕೃತಿ ಬಂತು. 1966ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ರೇಮಂಡ್ ಚೇಂಬರ್ಸ್ ಅವರ ಮೇರುಕೃತಿ ಬಂತು. ಆಸ್ತಿಯನ್ನು ಇಂದು ಮಾರಿದರೆ ಎಷ್ಟು ಹಣ ಬರುತ್ತದೋ ಅದೇ ಅದರ ಲೆಕ್ಕದ ಬೆಲೆಯಾಗಬೇಕು ಎಂದು ಚೇಂಬರ್ಸ್ ವಾದಿಸಿದರು. ಹಳೆಯ ಬೆಲೆ, ಹೊಸ ಬೆಲೆ, ಅಂದಾಜಿನ ಬೆಲೆಗಳನ್ನು ಕೂಡಿಸಿ ತೆಗೆದ ಮೊತ್ತ ಅರ್ಥಹೀನ ಎಂಬಲ್ಲಿ ಅವರಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ.

ನಮ್ಮ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಅಲ್ಲಿಯವರೆಗಿನ ಲೆಕ್ಕಶಾಸ್ತ್ರ ಶಬ್ದ ಮತ್ತು ಅನುಮಾನ ಪ್ರಮಾಣಗಳ ಮೇಲೆ ನಿಂತಿತ್ತು. ಹಿರಿಯರು ಹೀಗೆಂದಿದ್ದಾರೆ, ಆದ್ದರಿಂದ ಹೀಗಾಗಬೇಕು ಎಂಬ ಸರಣಿ. ಆ ಅಂಕಿಯನ್ನು ಓದುವ ಮನುಷ್ಯ ಅದರಿಂದ ಏನು ಮಾಡುತ್ತಾನೆ ಎಂದು ಕಣ್ಣಿಟ್ಟು ನೋಡಿದವರು ವಿರಳ. ನೋಡಲು ಸಾಧನಗಳೂ ಇರಲಿಲ್ಲ.

ಸಾಧನ ಒದಗಿದ್ದು ಷಿಕಾಗೋ ವಿಶ್ವವಿದ್ಯಾಲಯದಲ್ಲಿ. ಮೆರಿಲ್ ಲಿಂಚ್ ಎಂಬ ದಲ್ಲಾಳಿ ಸಂಸ್ಥೆಯ ಉಪಾಧ್ಯಕ್ಷ ಲೂಯಿಸ್ ಎಂಗೆಲ್, ಸಾಮಾನ್ಯ ಷೇರುಗಳಲ್ಲಿ ಹಣ ಹೂಡಿದವರಿಗೆ ದೀರ್ಘಾವಧಿಯಲ್ಲಿ ಎಷ್ಟು ದಕ್ಕಿದೆ ಎಂದು ಜಾಹೀರಾತಿನಲ್ಲಿ ಹೇಳಬಯಸಿದರು. ಅದನ್ನು ಖಚಿತವಾಗಿ ತಿಳಿದವರು ಯಾರೂ ಇರಲಿಲ್ಲ. ಅವರು ಷಿಕಾಗೋದ ಪ್ರಾಧ್ಯಾಪಕ ಜೇಮ್ಸ್ ಲೋರಿ ಅವರನ್ನು ಕೇಳಿದರು. ಆ ಒಂದು ಕೇಳಿಕೆಯಿಂದ, ಮೆರಿಲ್ ಲಿಂಚ್ ಕೊಟ್ಟ ಹಣದಿಂದ, 1960ರಲ್ಲಿ ಷೇರು ಬೆಲೆಗಳ ಸಂಶೋಧನಾ ಕೇಂದ್ರವೊಂದು ಹುಟ್ಟಿತು. ಲೋರಿ ಮತ್ತು ಲಾರೆನ್ಸ್ ಫಿಷರ್ ನ್ಯೂಯಾರ್ಕ್ ಷೇರುಪೇಟೆಯ ಸಾಮಾನ್ಯ ಷೇರುಗಳ 1926ರಿಂದೀಚಿನ ಮಾಸಿಕ ಬೆಲೆಗಳನ್ನು ಕಲೆಹಾಕಿ, ತಿದ್ದಿ, ಗಣಕಯಂತ್ರದ ಟೇಪುಗಳಿಗೆ ಏರಿಸಿದರು. ಅದೇ ಕಾಲಕ್ಕೆ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಕಂಪನಿಗಳ ಲೆಕ್ಕಪತ್ರದ ಅಂಕಿಗಳನ್ನು ‘ಕಾಂಪುಸ್ಟಾಟ್’ ಎಂಬ ಹೆಸರಿನಲ್ಲಿ ಟೇಪುಗಳಾಗಿ ಒದಗಿಸತೊಡಗಿತು. ಒಂದು ಟೇಪಿನಲ್ಲಿ ಲಾಭ, ಇನ್ನೊಂದರಲ್ಲಿ ಬೆಲೆ. ಎರಡನ್ನೂ ಎದುರುಬದುರು ಕೂರಿಸುವವರು ಬೇಕಿತ್ತು.

ವಾತಾವರಣವೂ ಹದಗೊಂಡಿತ್ತು. 1959ರಲ್ಲಿ ಫೋರ್ಡ್ ಮತ್ತು ಕಾರ್ನೆಗಿ ಪ್ರತಿಷ್ಠಾನಗಳ ನೆರವಿನಿಂದ ಹೊರಬಂದ ಎರಡು ವರದಿಗಳು ಅಮೆರಿಕದ ವಾಣಿಜ್ಯ ಶಿಕ್ಷಣವನ್ನು ಕಟುವಾಗಿ ಟೀಕಿಸಿದ್ದವು. ಕಸುಬನ್ನು ಕಲಿಸುವುದರಲ್ಲೇ ತೃಪ್ತರಾಗಿ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಗಳ ಬುನಾದಿಯನ್ನು ಕಡೆಗಣಿಸಲಾಗಿದೆ ಎಂಬುದು ಅವುಗಳ ದೂರು. 1963ರಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿ ‘ಜರ್ನಲ್ ಆಫ್ ಅಕೌಂಟಿಂಗ್ ರಿಸರ್ಚ್’ ಅನ್ನು ಆರಂಭಿಸಿದವು. ಅದೇ ಷಿಕಾಗೋದಲ್ಲಿ ಯೂಜೀನ್ ಫಾಮಾ, ಷೇರು ಬೆಲೆಗಳು ಲಭ್ಯ ಮಾಹಿತಿಯನ್ನು ಬೇಗನೆ ಅರಗಿಸಿಕೊಳ್ಳುತ್ತವೆ ಎಂಬ ವಾದವನ್ನು ಕಟ್ಟುತ್ತಿದ್ದರು. ಈ ಕೂಡುದಾರಿಗೆ ಬಂದು ನಿಂತವರು ಬಾಲ್ ಮತ್ತು ಬ್ರೌನ್. ಇಬ್ಬರೂ ಆಸ್ಟ್ರೇಲಿಯಾದವರು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಓದಿ ಉನ್ನತ ವ್ಯಾಸಂಗಕ್ಕಾಗಿ ಸಾಗರ ದಾಟಿದವರು. ಚೇಂಬರ್ಸ್ ಪಾಠ ಹೇಳುತ್ತಿದ್ದ ನಗರದಿಂದಲೇ ಬಂದು, ಚೇಂಬರ್ಸ್ ಅವರ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದವರು.

ಅವರ ತರ್ಕ ಸರಳ. ಲಾಭದ ಅಂಕಿ ನಿಜಕ್ಕೂ ಅರ್ಥಹೀನವಾಗಿದ್ದರೆ ಅದಕ್ಕೂ ಷೇರಿನ ಬೆಲೆಗೂ ಯಾವ ನಂಟೂ ಇರಕೂಡದು. ಆದ್ದರಿಂದ ವಾದ ಸಾಕು, ನಂಟಿದೆಯೇ ಎಂದು ನೋಡೋಣ.

ಅವರು 261 ಕಂಪನಿಗಳನ್ನು ಆರಿಸಿಕೊಂಡರು. ಎಲ್ಲವೂ ನ್ಯೂಯಾರ್ಕ್ ಷೇರುಪೇಟೆಯಲ್ಲಿದ್ದವು. ಎಲ್ಲವುಗಳ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. 1946ರಿಂದ 1966ರವರೆಗಿನ ಲಾಭದ ಅಂಕಿಗಳು ಟೇಪಿನಲ್ಲಿ ದೊರೆಯುತ್ತಿದ್ದವು. ಪ್ರತಿ ಕಂಪನಿಯ ಪ್ರತಿ ವರ್ಷದ ಲಾಭವನ್ನೂ ನಿರೀಕ್ಷೆಯೊಡನೆ ಹೋಲಿಸಿದರು. ಉಳಿದ ಕಂಪನಿಗಳ ಲಾಭ ಹೇಗೆ ಏರಿಳಿದಿದೆಯೋ ಅದಕ್ಕೆ ತಕ್ಕಂತೆ ಈ ಕಂಪನಿಯದೂ ಏರಿಳಿಯಬೇಕಿತ್ತು ಎಂಬುದು ಒಂದು ನಿರೀಕ್ಷೆ. ಕಳೆದ ವರ್ಷದಷ್ಟೇ ಈ ವರ್ಷವೂ ಎಂಬುದು ಇನ್ನೊಂದು. ನಿರೀಕ್ಷೆಗಿಂತ ಹೆಚ್ಚಿದ್ದರೆ ಶುಭವಾರ್ತೆ, ಕಡಿಮೆಯಿದ್ದರೆ ಅಶುಭವಾರ್ತೆ. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬ ಗೋಜಿಗೇ ಅವರು ಹೋಗಲಿಲ್ಲ. ಅತ್ತ ಬೆಲೆಯ ಟೇಪಿನಿಂದ ಇಡೀ ಪೇಟೆಯ ಏರಿಳಿತದ ಪಾಲನ್ನು ಕಳೆದು, ಆ ಕಂಪನಿಗಷ್ಟೇ ಸಂಬಂಧಿಸಿದ ಬೆಲೆಯ ಚಲನೆಯನ್ನು ಬೇರ್ಪಡಿಸಿದರು. ಲಾಭ ಯಾವ ತಿಂಗಳು ಪ್ರಕಟವಾಯಿತು ಎಂಬುದನ್ನು ‘ವಾಲ್ ಸ್ಟ್ರೀಟ್ ಜರ್ನಲ್’ನಿಂದ ಗುರುತಿಸಿಕೊಂಡರು. ಪ್ರಕಟಣೆಗೆ ಹನ್ನೆರಡು ತಿಂಗಳ ಮೊದಲಿನಿಂದ ಆರು ತಿಂಗಳ ನಂತರದವರೆಗೆ ಎರಡೂ ಗುಂಪಿನ ಬೆಲೆಗಳು ಹೇಗೆ ಸಾಗಿದವು ಎಂದು ರೇಖೆ ಎಳೆದರು.

ಆ ಚಿತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣುತ್ತದೆ. ಎಡತುದಿಯಲ್ಲಿ ಒಂದೇ ಬಿಂದುವಿನಿಂದ ಹೊರಟ ಎರಡು ರೇಖೆಗಳು. ಶುಭವಾರ್ತೆಯದು ತಿಂಗಳು ತಿಂಗಳಿಗೆ ಮೇಲೇರುತ್ತದೆ, ಅಶುಭವಾರ್ತೆಯದು ಕೆಳಗಿಳಿಯುತ್ತದೆ. ಅರ್ಥಹೀನವೆಂದು ಪಂಡಿತರು ಕೈಬಿಟ್ಟಿದ್ದ ಅಂಕಿ ಷೇರುದಾರರ ಭಾಗ್ಯದೊಡನೆ ಸ್ಪಷ್ಟವಾಗಿ ಹೆಣೆದುಕೊಂಡಿತ್ತು. ಒಂದು ಕಂಪನಿಯ ಬಗ್ಗೆ ಒಂದು ವರ್ಷದಲ್ಲಿ ಹೊರಬೀಳುವ ಒಟ್ಟು ಮಾಹಿತಿಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗವನ್ನು ಆ ವರ್ಷದ ಲಾಭದ ಅಂಕಿ ಹಿಡಿದಿಡುತ್ತದೆ ಎಂದು ಅವರು ಅಂದಾಜಿಸಿದರು.

ಇದು ಉತ್ತರದ ಮೊದಲ ಮುಖ. ಎರಡನೆಯದು ಅದೇ ಚಿತ್ರದಲ್ಲಿತ್ತು. ರೇಖೆಗಳು ಪ್ರಕಟಣೆಯ ದಿನ ಥಟ್ಟನೆ ಬೇರೆಯಾಗಲಿಲ್ಲ. ವರ್ಷವಿಡೀ ನಿಧಾನವಾಗಿ ಬೇರೆಯಾಗುತ್ತ ಬಂದಿದ್ದವು. ಲಾಭದ ಅಂಕಿ ಹೇಳುವ ವಿಷಯದಲ್ಲಿ ಶೇಕಡಾ 85ರಿಂದ 90ರಷ್ಟನ್ನು ಪೇಟೆ ಪ್ರಕಟಣೆಯ ತಿಂಗಳು ಬರುವಷ್ಟರಲ್ಲೇ ತಿಳಿದುಕೊಂಡಿತ್ತು. ಮಾರಾಟದ ಸುದ್ದಿ, ಮಧ್ಯಂತರ ವರದಿ, ಕಾರ್ಖಾನೆಯ ಮುಷ್ಕರ, ಹೊಸ ಗುತ್ತಿಗೆ, ಪತ್ರಿಕೆಗಳ ವದಂತಿ ಹೀಗೆ ಬೇರೆ ದಾರಿಗಳಿಂದ ಅದು ಮೊದಲೇ ಬಂದು ಸೇರಿತ್ತು. ಲಾಭದ ಅಂಕಿ ನಿಜವನ್ನೇ ಹೇಳುತ್ತದೆ, ಆದರೆ ಎಲ್ಲರಿಗೂ ಗೊತ್ತಾದ ಮೇಲೆ ಹೇಳುತ್ತದೆ.

ಅದೇ ವರ್ಷ, ಷಿಕಾಗೋದಲ್ಲೇ ಡಾಕ್ಟರೇಟ್ ಪಡೆದಿದ್ದ ವಿಲಿಯಂ ಬೀವರ್ ಇದೇ ಪ್ರಶ್ನೆಯನ್ನು ಬೇರೊಂದು ಮಗ್ಗುಲಿನಿಂದ ಕೇಳಿದರು. 143 ಕಂಪನಿಗಳು 1961ರಿಂದ 1965ರ ನಡುವೆ ಮಾಡಿದ 506 ವಾರ್ಷಿಕ ಪ್ರಕಟಣೆಗಳನ್ನು ತೆಗೆದುಕೊಂಡು, ಪ್ರಕಟಣೆಯ ವಾರದಲ್ಲಿ ಷೇರು ವಹಿವಾಟು ಎಷ್ಟು ಹೆಚ್ಚುತ್ತದೆ ಎಂದು ನೋಡಿದರು. ಸಾಮಾನ್ಯ ವಾರಗಳಿಗಿಂತ ವಹಿವಾಟು ಶೇಕಡಾ 33ರಷ್ಟು ಹೆಚ್ಚಿತ್ತು. ಬೆಲೆಯ ಹೊಯ್ದಾಟ ಶೇಕಡಾ 67ರಷ್ಟು ಹೆಚ್ಚಿತ್ತು. ಹಾಗಿದ್ದರೆ ಅಂಕಿ ಹಳಸಿದ ಸುದ್ದಿ ಎಂಬ ಮಾತಿಗೂ ಇದಕ್ಕೂ ವಿರೋಧವಿಲ್ಲವೇ? ಇಲ್ಲವೆಂದೇ ನಮ್ಮ ತಿಳಿವಳಿಕೆ. ಬಾಲ್ ಮತ್ತು ಬ್ರೌನ್ ಅಳೆದದ್ದು ಇಡೀ ವರ್ಷದ ನಡಿಗೆಯನ್ನು. ಬೀವರ್ ಅಳೆದದ್ದು ಒಂದು ವಾರದ ನಾಡಿಮಿಡಿತವನ್ನು. ಬಹುಪಾಲು ಗೊತ್ತಿದ್ದರೂ ಖಾತ್ರಿಯಾಗುವ ಗಳಿಗೆಯಲ್ಲಿ ಜನ ಎಚ್ಚೆತ್ತು ಕೂರುತ್ತಾರೆ. ಮದುವೆ ಗೊತ್ತಾಗಿ ತಿಂಗಳುಗಳೇ ಕಳೆದಿದ್ದರೂ ಮುಹೂರ್ತದ ಹೊತ್ತಿಗೆ ಮಂಟಪ ತುಂಬುವುದಿಲ್ಲವೇ?

ಈ ಎರಡು ಬರಹಗಳಿಂದ ಒಂದು ಹೊಸ ವಿದ್ಯೆಯೇ ಬೆಳೆಯಿತು. ಅದರ ಆರಂಭದ ದಿನಗಳಲ್ಲೇ ಭಾರತೀಯರೊಬ್ಬರ ಹೆಸರೂ ಕಾಣಿಸುತ್ತದೆ. ಜಮಾಲ್‌ಪುರದ ಭಾರತೀಯ ರೈಲ್ವೆಯ ತಾಂತ್ರಿಕ ಸಂಸ್ಥೆಯಲ್ಲಿ ಕಲಿತು, ಅಮೆರಿಕಕ್ಕೆ ತೆರಳಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಶ್ಯಾಮ್ ಸುಂದರ್ 1973ರಲ್ಲಿ ನಾವು ಮೇಲೆ ಕಂಡ ಅಕ್ಕಿ ಮೂಟೆಯ ಪ್ರಶ್ನೆಯನ್ನೇ ಷೇರುಪೇಟೆಯ ಮುಂದಿಟ್ಟರು. ಬೆಲೆಗಳು ಏರುತ್ತಿರುವಾಗ ಕೊನೆಗೆ ಬಂದದ್ದು ಮೊದಲು ಹೋಯಿತು ಎಂಬ ಕ್ರಮಕ್ಕೆ ಬದಲಾದರೆ ಕಾಗದದ ಮೇಲಿನ ಲಾಭ ಇಳಿಯುತ್ತದೆ. ಆದರೆ ತೆರಿಗೆ ಉಳಿದು ನಿಜವಾದ ಹಣ ಕೈಯಲ್ಲಿ ನಿಲ್ಲುತ್ತದೆ. ಹಾಗೆ ಬದಲಾದ ಕಂಪನಿಗಳ ಷೇರುಗಳು ಆ ವರ್ಷ ಕುಸಿದಿರಲಿಲ್ಲ, ಬದಲಿಗೆ ಸರಾಸರಿಯಲ್ಲಿ ಪೇಟೆಗಿಂತ ಮೇಲೇರಿದ್ದವು ಎಂದು ಅವರು ಕಂಡರು. ಪೇಟೆ ಕೇವಲ ಕೊನೆಯ ಸಾಲನ್ನು ಕುರುಡಾಗಿ ಓದುತ್ತದೆ ಎಂಬ ನಂಬಿಕೆ ಅಲುಗಾಡಿತು. ನಂತರದ ಸಂಶೋಧಕರು ಈ ವಿಷಯದಲ್ಲಿ ಬೇರೆ ಫಲಿತಾಂಶಗಳನ್ನೂ ಕಂಡು ಚರ್ಚೆ ದೀರ್ಘವಾಗಿ ಮುಂದುವರಿಯಿತು. ಒಬ್ಬರ ಅಂಕಿಯನ್ನು ಇನ್ನೊಬ್ಬರು ಮತ್ತೆ ಒರೆಗೆ ಹಚ್ಚುವುದೇ ಈ ವಿದ್ಯೆಯ ಕ್ರಮ.

ಪೇಟೆ ಅಷ್ಟು ಜಾಣವಾದರೆ ಕಂಪನಿಗಳು ಯಾವ ಲೆಕ್ಕದ ಕ್ರಮ ಹಿಡಿದರೇನು? ಆದರೂ ಅವು ಒಂದೊಂದು ಕ್ರಮಕ್ಕಾಗಿ ಹೋರಾಡುವುದೇಕೆ? ರಾಚೆಸ್ಟರ್ ವಿಶ್ವವಿದ್ಯಾಲಯದ ರಾಸ್ ವಾಟ್ಸ್ ಮತ್ತು ಜೆರಾಲ್ಡ್ ಜಿಮ್ಮರ್‌ಮನ್ 1978 ಮತ್ತು 1979ರ ಎರಡು ಲೇಖನಗಳಲ್ಲಿ ಇದಕ್ಕೆ ಉತ್ತರ ಕೊಟ್ಟರು. ವ್ಯವಸ್ಥಾಪಕರ ಬೋನಸ್ಸು ಲಾಭದ ಅಂಕಿಗೆ ಕಟ್ಟಿಕೊಂಡಿರುತ್ತದೆ. ಸಾಲ ಕೊಟ್ಟವರ ಕರಾರು ಅದನ್ನು ಆಧರಿಸುತ್ತದೆ. ಸರ್ಕಾರದ ಕಣ್ಣು ಅದರ ಮೇಲಿರುತ್ತದೆ. ಲೆಕ್ಕದ ಕ್ರಮಗಳ ಬಗೆಗಿನ ಉದಾತ್ತ ಸಿದ್ಧಾಂತಗಳು ಈ ಹಿತಾಸಕ್ತಿಗಳಿಗೆ ನೆಪ ಒದಗಿಸುವ ಸರಕು ಎಂದು ಅವರು ಹೇಳಿದಾಗ ಹಿರಿಯ ಪಂಡಿತರು ಸಿಡಿದೆದ್ದದ್ದು ಆಶ್ಚರ್ಯವಲ್ಲ.

ಈ ದಾರಿಯಲ್ಲಿ ನಡೆದವರಿಗೆ ಲಾಭದ ಅಂಕಿಯ ಮೇಲೆ ಬೆರಳಚ್ಚುಗಳು ಕಾಣತೊಡಗಿದವು. ಪಾಲ್ ಹೀಲಿ 1985ರಲ್ಲಿ ಬೋನಸ್ಸಿನ ನಿಯಮಗಳಿಗೂ ಲೆಕ್ಕದ ಹೊಂದಾಣಿಕೆಗಳಿಗೂ ಇರುವ ನಂಟನ್ನು ತೋರಿಸಿದರು. ಜೆನಿಫರ್ ಜೋನ್ಸ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸೊಗಸಾದದ್ದು. ವಿದೇಶಿ ಆಮದಿನಿಂದ ನಷ್ಟವಾಗುತ್ತಿದೆ ಎಂದು ರಕ್ಷಣೆ ಕೇಳುವ ಅಮೆರಿಕದ ಕಂಪನಿಗಳು, ಸರ್ಕಾರದ ತನಿಖೆ ನಡೆಯುವ ವರ್ಷದಲ್ಲೇ ತಮ್ಮ ಲಾಭವನ್ನು ಅಂದಾಜಿನ ಬಾಬುಗಳ ಮೂಲಕ ತಗ್ಗಿಸಿ ತೋರಿಸುತ್ತವೆ ಎಂದು ಅವರು ಕಂಡರು. 1997ರಲ್ಲಿ ಬರ್ಗ್‌ಸ್ಟಾಲರ್ ಮತ್ತು ಡಿಚೆವ್ ಸಾವಿರಾರು ಕಂಪನಿಗಳ ಲಾಭನಷ್ಟವನ್ನು ಒಂದು ಸಾಲಿನಲ್ಲಿ ಜೋಡಿಸಿದರು. ಸೊನ್ನೆಗಿಂತ ತುಸು ಮೇಲೆ ಲಾಭ ತೋರಿಸಿದ ಕಂಪನಿಗಳು ವಿಪರೀತವಾಗಿದ್ದವು, ತುಸು ಕೆಳಗೆ ನಷ್ಟ ತೋರಿಸಿದವು ಅನುಮಾನ ಬರುವಷ್ಟು ಕಡಿಮೆ. ತಿದ್ದದೆ ಬಿಟ್ಟಿದ್ದರೆ ಅಲ್ಪ ನಷ್ಟ ತೋರಿಸಬೇಕಿದ್ದ ಕಂಪನಿಗಳಲ್ಲಿ ಶೇಕಡಾ 30ರಿಂದ 44ರಷ್ಟು ಲೆಕ್ಕವನ್ನು ಸರಿಹೊಂದಿಸಿ ಲಾಭದ ದಡ ಸೇರಿದ್ದವು ಎಂಬುದು ಅವರ ಅಂದಾಜು. ಈ ಅಳತೆಯ ವಿಧಾನದ ಬಗ್ಗೆಯೂ ಆಕ್ಷೇಪಗಳು ಬಂದಿವೆ. ಆದರೆ ಅಂಕಿಯನ್ನು ಅಂಕಿಯಿಂದಲೇ ಸಾಕ್ಷಿಕಟ್ಟೆಗೆ ಕರೆಯಬಹುದೆಂಬುದು ಸಾಬೀತಾಯಿತು.

ಇಷ್ಟಾಗಿಯೂ ಚೇಂಬರ್ಸ್ ಸೋಲೊಪ್ಪಲಿಲ್ಲ. 1993ರಲ್ಲಿ, ತಾವೇ ಸ್ಥಾಪಿಸಿದ್ದ ‘ಅಬ್ಯಾಕಸ್’ ಪತ್ರಿಕೆಯಲ್ಲಿ, ಈ ಹೊಸ ಪಂಥವನ್ನು ಒಂದು ಮೂಢಮತವೆಂಬಂತೆ ಚಿತ್ರಿಸಿ ದೀರ್ಘ ಖಂಡನೆ ಬರೆದರು. ಅವರ ಬಿರುಸನ್ನು ಬದಿಗಿಟ್ಟು ಅದರ ಹಿಂದಿನ ಆತಂಕವನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ಜನ ಏನು ಮಾಡುತ್ತಿದ್ದಾರೆ ಎಂದು ಅಳೆಯುವುದರಿಂದ ಏನು ಮಾಡಬೇಕು ಎಂಬುದು ತಾನಾಗಿ ಹುಟ್ಟುವುದಿಲ್ಲ. ಪೇಟೆ ಒಂದು ಅಂಕಿಯನ್ನು ಬಳಸುತ್ತದೆ ಎಂದ ಮಾತ್ರಕ್ಕೆ ಅದು ಒಳ್ಳೆಯ ಅಂಕಿಯಾಗುವುದಿಲ್ಲ. ಬೇರೆ ಅಂಕಿ ಕೊಟ್ಟಿದ್ದರೆ ಇನ್ನೂ ಚೆನ್ನಾಗಿ ಬಳಸುತ್ತಿತ್ತೇನೋ. ಟೇಪಿನಲ್ಲಿ ಇಲ್ಲದ್ದನ್ನು ಟೇಪು ಪರೀಕ್ಷಿಸಲಾರದು.

ಇದಕ್ಕೆ ನಮ್ಮ ಬೆಂಗಳೂರಿನಿಂದಲೇ ಒಂದು ನಿದರ್ಶನವಿದೆ. ಷಿಕಾಗೋದ ಅದೇ ತಲೆಮಾರಿನ ವಿದ್ಯಾರ್ಥಿ ಬರೂಕ್ ಲೆವ್, ಆಬಾ ಶ್ವಾರ್ಟ್ಸ್ ಅವರೊಡನೆ ಸೇರಿ 1971ರಲ್ಲಿ ಕಂಪನಿಯ ನೌಕರರ ಮೌಲ್ಯವನ್ನು ಅವರ ಮುಂದಿನ ಗಳಿಕೆಯ ಆಧಾರದ ಮೇಲೆ ಲೆಕ್ಕ ಹಾಕುವ ಕ್ರಮವೊಂದನ್ನು ಸೂಚಿಸಿದ್ದರು. ಯಂತ್ರ ಆಸ್ತಿಯಾದರೆ ಯಂತ್ರ ನಡೆಸುವ ಮನುಷ್ಯ ಬರೀ ಖರ್ಚು ಹೇಗೆ ಎಂಬುದು ಪ್ರಶ್ನೆ. ಇನ್ಫೋಸಿಸ್ ಸಂಸ್ಥೆ ತನ್ನ ವಾರ್ಷಿಕ ವರದಿಗಳಲ್ಲಿ ಈ ಲೆವ್-ಶ್ವಾರ್ಟ್ಸ್ ಕ್ರಮದಂತೆ ಮಾನವ ಸಂಪನ್ಮೂಲದ ಮೌಲ್ಯವನ್ನೂ, ತನ್ನ ಹೆಸರಿನ ಮೌಲ್ಯವನ್ನೂ ಹೆಚ್ಚುವರಿ ಮಾಹಿತಿಯಾಗಿ ಹಲವು ವರ್ಷ ಪ್ರಕಟಿಸಿತು. ಅವು ಅಧಿಕೃತ ಅಢಾವೆ ಪತ್ರಿಕೆಯ ಒಳಗೆ ಬರಲಿಲ್ಲ, ಪಕ್ಕದಲ್ಲಿ ನಿಂತವು. ಅದೇ ಲೆವ್ 1989ರಲ್ಲಿ ಎರಡು ದಶಕಗಳ ಸಂಶೋಧನೆಯನ್ನು ಪರಾಮರ್ಶಿಸಿ, ಬೆಲೆಯ ಏರಿಳಿತದಲ್ಲಿ ಲಾಭದ ಅಂಕಿ ವಿವರಿಸುವ ಪಾಲು ತೀರ ಅಲ್ಪ ಎಂದು ಅಸಮಾಧಾನ ವ್ಯಕ್ತಪಡಿಸಿದರು. ಹಾಗಿದ್ದರೆ ನ್ಯೂನತೆ ಇರುವುದು ಅಂಕಿಯಲ್ಲೇ ಎಂಬುದು ಅವರ ವಾದ. ‘ಏನಿದೆ’ ಎಂಬ ಪ್ರಶ್ನೆ ಸುತ್ತುಹಾಕಿ ‘ಏನಿರಬೇಕು’ ಎಂಬಲ್ಲಿಗೆ ಮರಳಿತ್ತು.

ಇಲ್ಲಿಯೇ ನಾವು ಆ ಹಳೆಯ ಚಿತ್ರದ ಎರಡನೆಯ ಮುಖಕ್ಕೆ ಮರಳಬೇಕು. ಲಾಭದ ಅಂಕಿ ತಡವಾಗಿ ಬರುತ್ತದೆ, ಹೊಸದೇನನ್ನೂ ಹೆಚ್ಚಾಗಿ ಹೇಳುವುದಿಲ್ಲ. 2008ರಲ್ಲಿ ಸ್ವತಃ ಬಾಲ್, ಲಕ್ಷ್ಮಣನ್ ಶಿವಕುಮಾರ್ ಅವರೊಡನೆ ಸೇರಿ ಈ ಪಾಲನ್ನು ಮತ್ತೆ ಅಳೆದರು. ಒಂದು ಸಾಮಾನ್ಯ ತ್ರೈಮಾಸಿಕ ಪ್ರಕಟಣೆ ಷೇರು ಬೆಲೆಯ ಇಡೀ ವರ್ಷದ ಏರಿಳಿತದಲ್ಲಿ ಶೇಕಡಾ 1ರಿಂದ 2ರಷ್ಟಕ್ಕೆ ಮಾತ್ರ ಸಂಬಂಧಿಸಿದೆ ಎಂಬುದು ಅವರಿಗೆ ಕಂಡದ್ದು. ಹಾಗಾದರೆ ಇಷ್ಟೆಲ್ಲ ಮಾನದಂಡ, ಪರಿಶೋಧನೆ, ಕಾನೂನುಗಳ ವೆಚ್ಚ ಯಾತಕ್ಕೆ?

ಉತ್ತರವನ್ನು ಬಾಲ್, ಸುದರ್ಶನ್ ಜಯರಾಮನ್ ಮತ್ತು ಶಿವಕುಮಾರ್ 2012ರ ಲೇಖನದಲ್ಲಿ ಪರೀಕ್ಷಿಸಿದರು. ವ್ಯವಸ್ಥಾಪಕ ವರ್ಷದ ನಡುವೆ ಹೇಳುವ ಮಾತನ್ನು ಪೇಟೆ ನಂಬುವುದು, ವರ್ಷದ ಕೊನೆಗೆ ಪರಿಶೋಧಿತ ಲೆಕ್ಕ ಬಂದು ಅದನ್ನು ತಾಳೆ ನೋಡುತ್ತದೆ ಎಂಬ ಭರವಸೆಯಿಂದ. ಪರಿಶೋಧನೆಗೆ ಹೆಚ್ಚು ವೆಚ್ಚ ಮಾಡುವ ಕಂಪನಿಗಳು ಮುನ್ನಂದಾಜುಗಳನ್ನು ಹೆಚ್ಚು ಸಲ, ಹೆಚ್ಚು ನಿಖರವಾಗಿ ಕೊಡುತ್ತವೆ. ಪೇಟೆಯೂ ಅವುಗಳಿಗೆ ಹೆಚ್ಚು ಬೆಲೆ ಕೊಡುತ್ತದೆ ಎಂದು ಅವರು ತೋರಿಸಿದರು. ಅಂದರೆ ಲಾಭದ ಅಂಕಿಯ ಕೆಲಸ ಸುದ್ದಿ ತರುವುದಕ್ಕಿಂತ ಸಾಕ್ಷಿ ನುಡಿಯುವುದು. ಸಾಕ್ಷಿ ಯಾವಾಗಲೂ ಘಟನೆಯ ನಂತರವೇ ಬರುತ್ತಾನೆ. ಅವನು ಬರುತ್ತಾನೆಂಬ ಅಳುಕಿನಿಂದಲೇ ಹಲವರ ಬಾಯಲ್ಲಿ ನಿಜ ಹೊರಡುತ್ತದೆ.

ಸಾಕ್ಷಿಯೇ ಸುಳ್ಳಾದಾಗ ಏನಾಗುತ್ತದೆ ಎಂಬುದನ್ನು ನಮ್ಮ ಓದುಗರಲ್ಲಿ ಹಲವರು, ಅದರಲ್ಲೂ ಹೈದರಾಬಾದಿನಲ್ಲಿ ನೆಲಸಿದವರು, ಹತ್ತಿರದಿಂದ ಕಂಡಿದ್ದಾರೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ ಸರ್ವಿಸಸ್ ಸಂಸ್ಥೆಯ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಬರೆದ ಪತ್ರ ಷೇರುಪೇಟೆಗಳನ್ನು ತಲುಪಿತು. ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ ಎಂದು ಲೆಕ್ಕದಲ್ಲಿ ತೋರಿಸಿದ್ದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅದರಲ್ಲಿತ್ತು. ಹಿಂದಿನ ಸೆಪ್ಟೆಂಬರಿಗೆ ಮುಗಿದ ತ್ರೈಮಾಸಿಕದಲ್ಲಿ 649 ಕೋಟಿ ಎಂದು ತೋರಿಸಿದ್ದ ಕಾರ್ಯಾಚರಣೆಯ ಲಾಭ ವಾಸ್ತವದಲ್ಲಿ 61 ಕೋಟಿ. ಅಂದು ಒಂದೇ ದಿನದಲ್ಲಿ ಷೇರಿನ ಬೆಲೆಯ ಮುಕ್ಕಾಲು ಪಾಲಿಗೂ ಹೆಚ್ಚು ಕರಗಿಹೋಯಿತು.

ಈ ಘಟನೆಯನ್ನು ಬಾಲ್ ಮತ್ತು ಬ್ರೌನ್ ಅವರ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಶಿಲ್ಕಿನ ಮೊತ್ತ ಅಂದಾಜಿನ ಬಾಬಲ್ಲ. ಅಲ್ಲಿ ಸವಕಳಿಯ ತರ್ಕವಿಲ್ಲ, ಅಕ್ಕಿ ಮೂಟೆಯ ಗೊಂದಲವಿಲ್ಲ. ಬ್ಯಾಂಕನ್ನು ಕೇಳಿದರೆ ತಿಳಿಯುವ ಸಂಗತಿ. ಲೆಕ್ಕಪತ್ರದಲ್ಲೇ ಅತ್ಯಂತ ಗಟ್ಟಿಯಾದ ಈ ಸಾಲು ಹುಸಿಯಾದಾಗ, ಅದನ್ನು ನೆಚ್ಚಿಕೊಂಡು ವರ್ಷಗಟ್ಟಲೆ ಪೇಟೆ ನಂಬಿದ್ದ ಇತರ ಸುದ್ದಿಗಳೆಲ್ಲ ಒಟ್ಟಿಗೆ ಬಿದ್ದವು. ಅಂಕಿಯಲ್ಲಿ ಹೊಸ ಮಾಹಿತಿ ಶೇಕಡಾ ಒಂದೋ ಎರಡೋ ಎಂದು ಕಡೆಗಣಿಸುವವರು ಗಮನಿಸಬೇಕಾದದ್ದು ಇದು. ಮನೆಯ ಅಡಿಪಾಯವೂ ದಿನವೂ ಹೊಸ ಸಂಗತಿ ಹೇಳುವುದಿಲ್ಲ.

ನಮ್ಮ ಕಾನೂನುಗಳಲ್ಲೂ ಈ ತಿಳಿವಳಿಕೆಯ ನೆರಳಿದೆ. ಷೇರುಪೇಟೆಯಲ್ಲಿರುವ ಕಂಪನಿಗಳು ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಫಲಿತಾಂಶ ಪ್ರಕಟಿಸಬೇಕು, ವಾರ್ಷಿಕ ಫಲಿತಾಂಶಕ್ಕೆ 60 ದಿನ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಒಳಗಿನವರು ಆ ಷೇರನ್ನು ಮುಟ್ಟುವಂತಿಲ್ಲ ಎನ್ನುತ್ತದೆ ಸೆಬಿಯ ನಿಯಮ. ಅಂಕಿ ಹೊರಬರುವ ಮೊದಲೇ ಅದು ಕೆಲವರಿಗೆ ಗೊತ್ತಿರುತ್ತದೆ ಎಂಬ ಸತ್ಯವನ್ನು ಒಪ್ಪಿಕೊಂಡೇ ಈ ಬೇಲಿ ಹಾಕಲಾಗಿದೆ. ಅಮೆರಿಕದ ಟೇಪುಗಳು ಮಾಡಿದ ಕೆಲಸವನ್ನು ಇಲ್ಲಿ ಮುಂಬಯಿಯ ಸೆಂಟರ್ ಫಾರ್ ಮಾನಿಟರಿಂಗ್ ಇಂಡಿಯನ್ ಎಕಾನಮಿ ಸಂಸ್ಥೆಯ ‘ಪ್ರೋವೆಸ್’ ದತ್ತಸಂಚಯ ಮಾಡುತ್ತಿದೆ. ಭಾರತೀಯ ಕಂಪನಿಗಳ ಬಗೆಗಿನ ಸಂಶೋಧನಾ ಪ್ರಬಂಧಗಳಲ್ಲಿ ಅದರ ಹೆಸರು ಮತ್ತೆ ಮತ್ತೆ ಕಾಣುತ್ತದೆ.

ಆ ಹಳೆಯ ಚಿತ್ರದಲ್ಲಿ ಮೂರನೆಯ ಒಂದು ಸಂಗತಿಯೂ ಇತ್ತು. ಪ್ರಕಟಣೆಯ ನಂತರವೂ ರೇಖೆಗಳು ಪೂರ್ತಿ ನಿಲ್ಲದೆ, ತುಸು ದೂರ ಅದೇ ದಿಕ್ಕಿನಲ್ಲಿ ಸಾಗಿದ್ದವು. ಪೇಟೆ ಎಲ್ಲವನ್ನೂ ತಕ್ಷಣ ಅರಗಿಸಿಕೊಳ್ಳುತ್ತದೆ ಎಂಬ ಷಿಕಾಗೋದ ನಂಬಿಕೆಗೆ ಇದು ಒಗ್ಗುತ್ತಿರಲಿಲ್ಲ. 1989 ಮತ್ತು 1990ರಲ್ಲಿ ವಿಕ್ಟರ್ ಬರ್ನಾರ್ಡ್ ಮತ್ತು ಜೇಕಬ್ ಥಾಮಸ್ ಈ ತೇಲಾಟವನ್ನೇ ಹಿಡಿದು ಪರೀಕ್ಷಿಸಿದರು. ಪ್ರಕಟಣೆಯ ನಂತರದ ಸುಮಾರು 60 ವಹಿವಾಟಿನ ದಿನಗಳವರೆಗೆ ಬೆಲೆ ನಿಧಾನವಾಗಿ ಹೊಂದಿಕೊಳ್ಳುತ್ತಲೇ ಇರುತ್ತದೆ ಎಂದು ತೋರಿಸಿದರು. ಇಬ್ಬರು ತರುಣರು 1968ರಲ್ಲಿ ತಮ್ಮ ಗುರುಮನೆಯ ಸಿದ್ಧಾಂತಕ್ಕೆ ಒಗ್ಗದ ಆ ಬಾಲವನ್ನು ಚಿತ್ರದಿಂದ ಕತ್ತರಿಸಿ ಹಾಕಿರಲಿಲ್ಲ. ಕಂಡದ್ದನ್ನು ಕಂಡಂತೆ ಅಚ್ಚು ಹಾಕಿದ್ದರು. ಇಪ್ಪತ್ತು ವರ್ಷಗಳ ನಂತರ ಬಂದವರಿಗೆ ಅದು ದಾರಿಯಾಯಿತು.

ಊರಿನಿಂದ ದೂರ ಬಂದು ಬ್ಯಾಂಕಿನಲ್ಲೋ ಕಚೇರಿಯಲ್ಲೋ ದುಡಿಯುವ ನಮ್ಮಲ್ಲಿ ಹೆಚ್ಚಿನವರ ಉಳಿತಾಯ ಇಂದು ಮ್ಯೂಚುವಲ್ ಫಂಡು, ಪಿಂಚಣಿ ನಿಧಿಗಳ ಮೂಲಕ ಎಲ್ಲೋ ಒಂದು ಕಂಪನಿಯ ಕೊನೆಯ ಸಾಲಿನ ಅಂಕಿಯನ್ನು ನೆಚ್ಚಿಕೊಂಡಿದೆ. ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ವಾಣಿಜ್ಯವನ್ನು ಓದುತ್ತಿದ್ದಾರೆ. ಅವರಲ್ಲಿ ಕೆಲವರಾದರೂ ಲೆಕ್ಕ ಬರೆಯುವುದನ್ನು ಕಲಿಯುವುದರ ಜೊತೆಗೆ, ಬರೆದ ಲೆಕ್ಕವನ್ನು ಯಾರು ನಂಬುತ್ತಾರೆ, ಏಕೆ ನಂಬುತ್ತಾರೆ, ಆ ನಂಬಿಕೆಗೆ ಆಧಾರ ಎಲ್ಲಿದೆ ಎಂದು ಕೇಳುವ ವ್ಯಾಸಂಗಕ್ಕೂ ಹೋಗಲಿ ಎಂಬುದು ನಮ್ಮ ಆಸೆ. ಕ್ಯಾನಿಂಗ್ ಮತ್ತು ಚೇಂಬರ್ಸ್ ಎತ್ತಿದ ಪ್ರಶ್ನೆಗಳನ್ನೂ ಅವರು ಬದಿಗೆ ಸರಿಸದಿರಲಿ. ಹೀಗಿರಬೇಕು ಎಂದು ಹೇಳುವ ಮೊದಲು ಹೇಗಿದೆ ಎಂದು ನೋಡುವ ತಾಳ್ಮೆ, ಹೇಗಿದೆ ಎಂದು ನೋಡಿದ ಮೇಲೆ ಹೀಗಿರಬೇಕು ಎಂದು ಹೇಳುವ ಧೈರ್ಯ, ಎರಡೂ ಆ ವಿದ್ಯೆಗೆ ಬೇಕು. ಮೊದಲನೆಯದಕ್ಕೆ 1968ರ ಆ ಇಪ್ಪತ್ತು ಪುಟಗಳು ಈಗಲೂ ಒಳ್ಳೆಯ ಪಾಠ. ಎರಡನೆಯದನ್ನು ಕಲಿಸುವ ಪಾಠ ಇನ್ನೂ ಬರೆಯಬೇಕಾದವರಿಗಾಗಿ ಕಾದಿದೆ.